ಹಳೆಯ ಹಾಳೆ, ಹೊಸ ತಟ್ಟೆ: ನಾವೀನ್ಯವನ್ನು ಅಳೆಯುವ ಬಗೆ

ಅಡಿಕೆ ಹಾಳೆಯ ತಟ್ಟೆಯನ್ನು ತಯಾರಿಸುವ ಉದ್ದಿಮೆದಾರನು ಒಂದೇ ಸರಕಿಗೆ ಎರಡು ಬಗೆಯ ಪರಿಚಯ ನೀಡುವುದು ವಾಡಿಕೆ. ಸಾಲಕ್ಕಾಗಿ ಬ್ಯಾಂಕಿಗೆ ಸಲ್ಲಿಸುವ ಯೋಜನಾ ವರದಿಯಲ್ಲಿ ಅದು ‘ನೂತನ ಪರಿಸರಸ್ನೇಹಿ ಉತ್ಪನ್ನ’ವಾಗಿರುತ್ತದೆ. ವಿದೇಶದ ಗ್ರಾಹಕನಿಗೆ ಕಳುಹಿಸುವ ಪರಿಚಯ ಪತ್ರದಲ್ಲಿ ಅದೇ ತಟ್ಟೆ ‘ತಲೆತಲಾಂತರದಿಂದ ಬಂದ ಸಂಪ್ರದಾಯ’ವಾಗುತ್ತದೆ. ಮಾರಾಟದ ಮಟ್ಟಿಗೆ ಎರಡು ಮಾತೂ ನಡೆದೀತು. ಆದರೆ ಪೇಟೆಂಟ್ ಕಚೇರಿ, ತೆರಿಗೆ ಇಲಾಖೆ, ಲೆಕ್ಕಪರಿಶೋಧಕ ಮತ್ತು ಆಮದು ಮಾಡಿಕೊಳ್ಳುವ ದೇಶದ ಆಹಾರ ಸುರಕ್ಷಾ ಅಧಿಕಾರಿ, ಈ ನಾಲ್ವರ ಮುಂದೆ ಎರಡೂ ಒಟ್ಟಿಗೆ ನಿಲ್ಲುವುದಿಲ್ಲ. ಸರಕು ಹಳೆಯದೋ ಹೊಸದೋ ಎಂಬುದನ್ನು ಅವರು ಕೇಳಿಯೇ ಕೇಳುತ್ತಾರೆ. ಉತ್ತರಕ್ಕೆ ತಕ್ಕ ದಾಖಲೆಯನ್ನೂ ಕೇಳುತ್ತಾರೆ.

ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು 2025ರ ಮೇ ತಿಂಗಳಲ್ಲಿ ಅಡಿಕೆ ಹಾಳೆಯ ತಟ್ಟೆ-ಬಟ್ಟಲುಗಳ ಮೇಲೆ ಆಮದು ಎಚ್ಚರಿಕೆಯನ್ನು ಹೊರಡಿಸಿದ ಮೇಲೆ ಈ ಪ್ರಶ್ನೆ ಶಾಸ್ತ್ರಚರ್ಚೆಯಾಗಿ ಉಳಿದಿಲ್ಲ. ಅಂತಹ ಎಚ್ಚರಿಕೆಯಿದ್ದಾಗ ಬಂದರಿಗೆ ಬಂದ ಸರಕನ್ನು ತೆರೆದು ಪರೀಕ್ಷಿಸದೆಯೇ ತಡೆಹಿಡಿಯಲು ಅಧಿಕಾರಿಗಳಿಗೆ ಅವಕಾಶವಿರುತ್ತದೆ. ಕರಾವಳಿ ಮತ್ತು ಮಲೆನಾಡಿನ ಹಳ್ಳಿಗಳಲ್ಲಿ ಒಂದೆರಡು ಯಂತ್ರಗಳಿಂದ ನಡೆಯುವ ಘಟಕಗಳ ಪಾಲಿಗೆ ಇದು ಸಣ್ಣ ಸಂಗತಿಯಲ್ಲ. ಸಾಂಪ್ರದಾಯಿಕ ವಸ್ತುವನ್ನು ಮರಳಿ ಬಳಕೆಗೆ ತರುವುದು ನಾವೀನ್ಯವೇ, ಹೌದಾದರೆ ಅದರಲ್ಲಿ ನಾವೀನ್ಯದ ಅಂಶ ಯಾವುದು ಎಂಬುದನ್ನು ಈ ಒಂದು ಸರಕನ್ನು ಮುಂದಿಟ್ಟುಕೊಂಡು ವಿವೇಚಿಸುವುದು ಉಪಯುಕ್ತ.

ಹಾಳೆಯ ಹಳೆಯ ಬಳಕೆ

ಒಂದು ಅಡಿಕೆ ಮರವು ವರ್ಷಕ್ಕೆ ಐದರಿಂದ ಏಳು ಹಾಳೆಗಳನ್ನು ತಾನಾಗಿಯೇ ಉದುರಿಸುತ್ತದೆ. ಮರ ಕಡಿಯಬೇಕಿಲ್ಲ, ಎಲೆ ಕೊಯ್ಯಬೇಕಿಲ್ಲ. ಹಿಂದಿನವರು ಇದನ್ನು ಹಲವು ಬಗೆಯಲ್ಲಿ ಬಳಸುತ್ತಿದ್ದರು. ತುಳುನಾಡಿನಲ್ಲಿ ತಲೆಯ ಮೇಲೆ ಹೊರೆ ಹೊರುವವರ ಮುಟ್ಟಾಳೆ ಹಾಳೆಯಿಂದಲೇ ಆದದ್ದು. ಹಸುಗೂಸನ್ನು ಹಾಳೆಯ ಮೇಲೆ ಮಲಗಿಸಿ ಎರೆಯುತ್ತಿದ್ದರು. ತೋಟದಲ್ಲಿ ಹಾಳೆಯ ಎರಡು ತುದಿ ಮಡಿಚಿ ಕಟ್ಟಿದರೆ ನೀರು ಮೊಗೆಯುವ ಪಾತ್ರೆ ಸಿದ್ಧ. ಹಸಿ ಹಾಳೆ ದನಗಳಿಗೆ ಮೇವು. ಉಳಿದದ್ದು ಗೊಬ್ಬರದ ಗುಂಡಿಗೆ ಅಥವಾ ಬಚ್ಚಲ ಒಲೆಗೆ.

ಇಂದಿನ ತಟ್ಟೆ ಇವುಗಳ ಪೈಕಿ ಯಾವುದೂ ಅಲ್ಲ ಎಂಬುದನ್ನು ಗಮನಿಸಬೇಕು. ಒಣಗಿಸಿ ಕೂಡಿಟ್ಟ ಹಾಳೆಯನ್ನು ನೀರಿನಲ್ಲಿ ನೆನೆಸಿ, ತೊಳೆದು, ನೀರು ಸೋರಿಸಿ, ಕಾದ ಅಚ್ಚುಗಳ ನಡುವೆ ಹೈಡ್ರಾಲಿಕ್ ಯಂತ್ರದಿಂದ ಒತ್ತಿ, ಅಂಚು ಕತ್ತರಿಸಿ, ಮತ್ತೆ ಒಣಗಿಸಿ ಕಟ್ಟಲಾಗುತ್ತದೆ. ಅದರ ಮೇಲೆ ಬಿಸಿ ಸಾರು, ಎಣ್ಣೆಯ ಪದಾರ್ಥ, ಹುಳಿಯ ಪದಾರ್ಥ ಬಡಿಸಲಾಗುತ್ತದೆ. ಅದು ಕಂಟೇನರಿನೊಳಗೆ ವಾರಗಟ್ಟಲೆ ಸಮುದ್ರ ದಾಟಬೇಕು. ಅಷ್ಟು ದಿನ ಬೂಷ್ಟು ಹಿಡಿಯದೆ ಉಳಿಯಬೇಕು. ಮುಟ್ಟಾಳೆಯ ಅನುಭವ ಇವುಗಳಲ್ಲಿ ಒಂದಕ್ಕೂ ಭರವಸೆ ಕೊಡಲಾರದು. ವಸ್ತು ಹಳೆಯದು, ಬಳಕೆ ಹೊಸದು. ನಡುವೆ ಒಂದು ಅಂತರವಿದೆ. ಮುಂದಿನ ಚರ್ಚೆಯೆಲ್ಲ ಆ ಅಂತರವನ್ನು ಯಾರು, ಯಾವ ಖರ್ಚಿನಲ್ಲಿ ತುಂಬಿದರು ಎಂಬುದನ್ನು ಕುರಿತದ್ದು.

ಅರ್ಥಶಾಸ್ತ್ರದ ಉದಾರ ಉತ್ತರ

ಅರ್ಥಶಾಸ್ತ್ರಜ್ಞರು ಈ ವಿಷಯದಲ್ಲಿ ಧಾರಾಳಿಗಳು. ಜೋಸೆಫ್ ಶುಂಪೀಟರ್ 1911ರಲ್ಲಿ ಪ್ರಕಟಿಸಿದ ಆರ್ಥಿಕ ಅಭಿವೃದ್ಧಿಯ ಸಿದ್ಧಾಂತದಲ್ಲಿ ಉದ್ಯಮಿಯು ಮಾಡುವ ‘ಹೊಸ ಸಂಯೋಜನೆ’ಗಳನ್ನು ಐದು ಬಗೆಯಾಗಿ ವಿಂಗಡಿಸಿದನು: ಹೊಸ ಸರಕು, ಹೊಸ ಉತ್ಪಾದನಾ ವಿಧಾನ, ಹೊಸ ಮಾರುಕಟ್ಟೆ, ಕಚ್ಚಾವಸ್ತುವಿನ ಹೊಸ ಮೂಲ ಮತ್ತು ಉದ್ಯಮದ ಹೊಸ ಸಂಘಟನೆ. ಕಚ್ಚಾವಸ್ತುವಿನ ಮೂಲವು ಮೊದಲೇ ಇದ್ದುದೋ ಹೊಸದಾಗಿ ನಿರ್ಮಿಸಿದ್ದೋ ಎಂಬುದು ಅವನ ಎಣಿಕೆಯಲ್ಲಿ ಮುಖ್ಯವಲ್ಲ. ಈ ಅಳತೆಯಲ್ಲಿ ತೋಟದ ಕಸವನ್ನು ಕಚ್ಚಾಮಾಲನ್ನಾಗಿ ಮಾಡಿಕೊಂಡವನು ಖಂಡಿತವಾಗಿ ನಾವೀನ್ಯಕಾರ. ನಾವೀನ್ಯದ ಅಂಕಿಅಂಶ ಸಂಗ್ರಹಿಸಲು ಅಂತರರಾಷ್ಟ್ರೀಯವಾಗಿ ಬಳಸುವ ಆಸ್ಲೋ ಕೈಪಿಡಿಯ 2018ರ ಆವೃತ್ತಿಯೂ ಇದೇ ಧಾಟಿಯದು. ಆ ಸಂಸ್ಥೆಯ ಹಿಂದಿನ ಸರಕಿಗಿಂತ ಗಣನೀಯವಾಗಿ ಭಿನ್ನವಾಗಿದ್ದು, ಬಳಸುವವರ ಕೈಗೆ ದೊರೆಯುವಂತಾಗಿದ್ದರೆ ಸಾಕು. ಜಗತ್ತಿಗೇ ಮೊದಲಾಗಬೇಕೆಂಬ ನಿಯಮವಿಲ್ಲ.

ಈ ಉತ್ತರ ಸಂತೋಷದಾಯಕವಾದರೂ ಇದನ್ನು ತೋರಿಸಿ ಯಾವ ಹಕ್ಕನ್ನೂ ಪಡೆಯುವಂತಿಲ್ಲ.

ಪೇಟೆಂಟ್ ಕಾಯಿದೆಯ ಕಟ್ಟುನಿಟ್ಟು

1970ರ ಪೇಟೆಂಟ್ ಕಾಯಿದೆಗೆ 2002ರಲ್ಲಿ ಮಾಡಿದ ತಿದ್ದುಪಡಿಯಿಂದ 3(ಪಿ) ಎಂಬ ಉಪಪ್ರಕರಣ ಸೇರಿತು. 2003ರ ಮೇ 20ರಿಂದ ಜಾರಿಗೆ ಬಂದಿತು. ಪರಿಣಾಮದಲ್ಲಿ ಸಾಂಪ್ರದಾಯಿಕ ಜ್ಞಾನವೇ ಆಗಿರುವುದು, ಅಥವಾ ಸಾಂಪ್ರದಾಯಿಕವಾಗಿ ತಿಳಿದಿರುವ ವಸ್ತುಗಳ ತಿಳಿದ ಗುಣಗಳನ್ನೇ ಒಟ್ಟುಗೂಡಿಸಿದ್ದು ಅಥವಾ ಪುನರಾವರ್ತಿಸಿದ್ದು, ಆವಿಷ್ಕಾರವಾಗದು ಎಂಬುದು ಅದರ ಸಾರ. ಈ ಉಪಪ್ರಕರಣವನ್ನು ಉದ್ದಿಮೆದಾರರ ವಿರುದ್ಧ ಹೂಡಿದ ಸಂಚೆಂದು ಭಾವಿಸಬೇಕಾಗಿಲ್ಲ. ಅರಿಸಿನವು ಗಾಯ ಮಾಯಿಸುತ್ತದೆಂಬ ನಮ್ಮ ಮನೆಮನೆಯ ತಿಳಿವಿಗೆ ಅಮೆರಿಕದಲ್ಲಿ 1995ರಲ್ಲಿ ಪೇಟೆಂಟ್ ದೊರೆತಿತ್ತು. ವೈಜ್ಞಾನಿಕ ಮತ್ತು ಔದ್ಯಮಿಕ ಸಂಶೋಧನಾ ಪರಿಷತ್ತು ಹಳೆಯ ಗ್ರಂಥಗಳ ಆಧಾರವನ್ನು ಮುಂದಿಟ್ಟ ಮೇಲೆ 1997ರಲ್ಲಿ ಅದು ರದ್ದಾಯಿತು. ಬರಹದಲ್ಲಿ ಇದ್ದ ಸಂಪ್ರದಾಯ ಅಲ್ಲಿ ಗೆದ್ದಿತು. ಅದೇ ನ್ಯಾಯ ನಮಗೂ ಅನ್ವಯಿಸಬೇಕಷ್ಟೆ.

ಹಾಗೆಂದ ಮಾತ್ರಕ್ಕೆ ಬಾಗಿಲು ಪೂರ್ತಿ ಮುಚ್ಚಿಲ್ಲ. ಹಾಳೆಗೆ ಪೇಟೆಂಟ್ ಇಲ್ಲ. ಹಾಳೆಯನ್ನು ಬಿಸಿ ಅಚ್ಚಿನಲ್ಲಿ ಒತ್ತುವುದು ಎಲ್ಲರಿಗೂ ತಿಳಿದಿರುವುದರಿಂದ ಅದಕ್ಕೂ ಇಲ್ಲ. ಆದರೆ ಅಂಚು ಸೀಳದಂತೆ ಒತ್ತುವ ಅಚ್ಚಿನ ಹೊಸ ರಚನೆಯನ್ನಾಗಲಿ, ತೇವವನ್ನು ನಿಗದಿತ ಮಟ್ಟಕ್ಕೆ ಇಳಿಸುವ ಹೊಸ ಕ್ರಮವನ್ನಾಗಲಿ ಒಬ್ಬನು ಕಂಡುಕೊಂಡಿದ್ದು, ಅದು ಆ ಕಸುಬು ಬಲ್ಲವನಿಗೆ ಸಹಜವಾಗಿ ಹೊಳೆಯುವಂತಹದ್ದಲ್ಲವಾದರೆ ಅರ್ಜಿಗೆ ಅರ್ಹ. ತಟ್ಟೆಯ ಆಕಾರ ಹೊಸದಾಗಿದ್ದರೆ 2000ದ ವಿನ್ಯಾಸಗಳ ಕಾಯಿದೆಯಡಿ ಹತ್ತು ವರ್ಷ, ನವೀಕರಿಸಿದರೆ ಇನ್ನೈದು ವರ್ಷ ರಕ್ಷಣೆಯುಂಟು. ಸಣ್ಣ ಘಟಕಗಳಿಗೆ ಪೇಟೆಂಟಿಗಿಂತ ಇದೇ ಸುಲಭ ಮತ್ತು ಅಗ್ಗ. ವಸ್ತುಪ್ರದರ್ಶನದಲ್ಲಿ ತಟ್ಟೆಯನ್ನು ಜೋಡಿಸಿಟ್ಟ ಮೇಲೆ ಅರ್ಜಿ ಬರೆಯಲು ಕುಳಿತರೆ ‘ಹೊಸದು’ ಎಂಬ ಅರ್ಹತೆಯೇ ಕೈತಪ್ಪುವ ಸಂಭವವಿದೆಯಾದ್ದರಿಂದ ಅರ್ಜಿ ಮೊದಲು, ಪ್ರದರ್ಶನ ಅನಂತರ.

ಮಣ್ಣಿನ ಇಟ್ಟಿಗೆ ಹೇಳುವ ಪಾಠ

ಹಳೆಯ ವಸ್ತುವಿಗೂ ಹೊಸ ಬಳಕೆಗೂ ನಡುವಣ ಅಂತರವನ್ನು ಕ್ರಮಬದ್ಧವಾಗಿ ತುಂಬಿದ ಉದಾಹರಣೆ ಬೆಂಗಳೂರಿನಲ್ಲಿಯೇ ಇದೆ. ಮಣ್ಣಿನ ಗೋಡೆಗಿಂತ ಹಳೆಯ ಸಾಮಗ್ರಿ ಯಾವುದಿದೆ? ಮಳೆಗೆ ಕರಗುತ್ತದೆಂಬುದೇ ಅದರ ದೋಷವಾಗಿತ್ತು. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ ‘ಅಸ್ತ್ರ’ ಕೇಂದ್ರದವರು ಮಣ್ಣಿನ ಜೇಡಿ-ಮರಳಿನ ಪ್ರಮಾಣವನ್ನು ಸರಿಪಡಿಸಿ, ಸಾಮಾನ್ಯವಾಗಿ ಶೇಕಡಾ 5ರಿಂದ 8ರಷ್ಟು ಸಿಮೆಂಟ್ ಬೆರೆಸಿ, ಕೈಯಂತ್ರದಿಂದ ಒತ್ತಿ, ನೀರುಣಿಸಿ ಗಟ್ಟಿಗೊಳಿಸುವ ಕ್ರಮವನ್ನು ಬೆಳೆಸಿದರು. ಸುಡುವ ಸೌದೆಯ ಖರ್ಚಿಲ್ಲ. ಇಟ್ಟಿಗೆಯನ್ನು ನೀರಿನಲ್ಲಿ ನೆನೆಸಿದ ಮೇಲೆ ಎಷ್ಟು ಭಾರ ತಡೆಯುತ್ತದೆಂದು ಅಳೆದರು. ಇಂತಹ ಇಟ್ಟಿಗೆಗೆ ಭಾರತೀಯ ಮಾನಕ ಐ.ಎಸ್. 1725 ಇದ್ದು, 2013ರಲ್ಲಿ ಅದು ಪರಿಷ್ಕೃತವಾಗಿದೆ. ಇಲ್ಲಿ ಮಣ್ಣು ಹೊಸದಲ್ಲ, ಸಿಮೆಂಟೂ ಹೊಸದಲ್ಲ. ಒದ್ದೆಯಾದಾಗಿನ ಬಲ ಎಷ್ಟೆಂಬ ಅಂಕಿ ಮಾತ್ರ ಹೊಸದು. ಆ ಅಂಕಿ ಇರುವುದರಿಂದಲೇ ವಾಸ್ತುಶಿಲ್ಪಿಯೊಬ್ಬನು ಧೈರ್ಯವಾಗಿ ಅದನ್ನು ನಕ್ಷೆಯಲ್ಲಿ ಸೂಚಿಸಬಲ್ಲನು.

ಹಾಳೆಯ ತಟ್ಟೆಗೂ ಮಾನಕ ಬಂದಿದೆ. ಕೃಷಿ ಉಪೋತ್ಪನ್ನಗಳಿಂದ ಮಾಡಿದ ಊಟದ ಸಾಮಗ್ರಿಗಳಿಗಾಗಿ ಭಾರತೀಯ ಮಾನಕ ಬ್ಯೂರೋ 2023ರಲ್ಲಿ ಐ.ಎಸ್. 18267 ಎಂಬ ಮಾನಕವನ್ನು ಪ್ರಕಟಿಸಿತು. ಉದ್ಯಮ ಹರಡಿ ಬಹುಕಾಲವಾದ ಮೇಲೆ ಬಂದ ಮಾನಕವಿದು. ಇಟ್ಟಿಗೆಯಲ್ಲಿ ಅಳತೆ ಮೊದಲು, ಮಾರಾಟ ಅನಂತರ. ತಟ್ಟೆಯಲ್ಲಿ ಮಾರಾಟವೇ ಮೊದಲಾಯಿತು.

ಅಮೆರಿಕದ ಬಂದರಿನಲ್ಲಿ ಎದ್ದ ಪ್ರಶ್ನೆ

ಅಮೆರಿಕದ ಆಕ್ಷೇಪವನ್ನು ಸರಿಯಾಗಿ ಅರ್ಥಮಾಡಿಕೊಳ್ಳದೆ ಇದನ್ನು ಬರಿಯ ವ್ಯಾಪಾರ ತಂತ್ರವೆಂದು ಬದಿಗಿಡುವವರಿದ್ದಾರೆ. ಅದು ವಿವೇಕವಲ್ಲ. ಆ ದೇಶದ ಕಾನೂನಿನಲ್ಲಿ 1958ರ ತಿದ್ದುಪಡಿಯಿಂದ ಬಂದ ನಿಯಮವೊಂದಿದೆ. ಆಹಾರದೊಳಕ್ಕೆ ಸೇರಬಹುದಾದ ಯಾವುದೇ ಪದಾರ್ಥವನ್ನು, ಅದು ಪಾತ್ರೆಯಿಂದ ಇಳಿದು ಬಂದದ್ದಾದರೂ, ಆಹಾರದ ಸಂಯೋಜಕ ಪದಾರ್ಥವೆಂದೇ ಗಣಿಸಿ ಮುಂಚಿತವಾಗಿ ಅನುಮತಿ ಪಡೆಯಬೇಕು. ಸಾಮಾನ್ಯವಾಗಿ ಸುರಕ್ಷಿತವೆಂದು ತಜ್ಞರು ಒಪ್ಪಿರುವ ಪದಾರ್ಥಕ್ಕೆ ಮಾತ್ರ ವಿನಾಯಿತಿ. ಆ ಒಪ್ಪಿಗೆಗೆ ದಾರಿ ಎರಡು: ಒಂದು ವೈಜ್ಞಾನಿಕ ಪರೀಕ್ಷೆ, ಇನ್ನೊಂದು, 1958ರ ಜನವರಿ 1ಕ್ಕೆ ಮೊದಲು ಆಹಾರದಲ್ಲಿ ಸಾಮಾನ್ಯ ಬಳಕೆಯಲ್ಲಿದ್ದ ಅನುಭವ.

ಅಂದರೆ ಆ ಕಾನೂನು ಸಂಪ್ರದಾಯವನ್ನು ತಿರಸ್ಕರಿಸಿಲ್ಲ. ಬೇರೆ ದೇಶಗಳ ಬಳಕೆಯನ್ನೂ ಅದು ಪರಿಗಣಿಸುತ್ತದೆ. ಆದರೆ ಆ ಬಳಕೆಗೆ ಪ್ರಕಟಿತ ಆಧಾರಗಳಿರಬೇಕು, ಸ್ವತಂತ್ರ ಮೂಲದಿಂದ ಸಮರ್ಥನೆಯಿರಬೇಕು, ಬಳಕೆ ಆಹಾರದ್ದೇ ಆಗಿರಬೇಕು. ‘ನಮ್ಮ ಅಜ್ಜಂದಿರ ಕಾಲದಿಂದ’ ಎಂಬ ಒಕ್ಕಣೆಯ ಬೆಲೆ ಇಲ್ಲಿ ತಿಳಿಯುತ್ತದೆ. ಮುಟ್ಟಾಳೆಯನ್ನು ಯಾರೂ ಉಣ್ಣುವುದಿಲ್ಲ. ಮಗುವಿನ ಸ್ನಾನವೂ ಊಟವಲ್ಲ. ಕಾದ ಅಚ್ಚಿನಲ್ಲಿ ಒತ್ತಿದ ತಟ್ಟೆ 1958ಕ್ಕಿಂತ ಬಹಳ ಈಚಿನದು.

ಆಕ್ಷೇಪದ ತಿರುಳು ಹಾಳೆಯಲ್ಲಿರಬಹುದಾದ ಆಲ್ಕಲಾಯ್ಡುಗಳು ಆಹಾರಕ್ಕೆ ಇಳಿಯಬಹುದೆಂಬುದು. ಅಡಿಕೆಯ ಕುಟುಂಬದ ಈ ಪದಾರ್ಥಗಳಲ್ಲಿ ಪ್ರಧಾನವಾದದ್ದು ಅರೆಕೋಲಿನ್. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 2004ರಲ್ಲಿ ಅಡಿಕೆಯನ್ನು ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿದ ಮೇಲೆ ಇಂತಹ ಪ್ರಶ್ನೆ ಒಂದಲ್ಲ ಒಂದು ದಿನ ಬರುವುದು ನಿರೀಕ್ಷಿತವೇ ಆಗಿತ್ತು. ಕಾಯಿಯನ್ನು ಅಗಿಯುವುದೂ ಹಾಳೆಯಲ್ಲಿ ಉಣ್ಣುವುದೂ ಒಂದೇ ಅಲ್ಲವೆಂಬುದು ಉದ್ದಿಮೆದಾರರ ವಾದ. ಅದರಲ್ಲಿ ಸಾಮಾನ್ಯ ಜ್ಞಾನವಿದೆ. ಆದರೆ ಬಿಸಿಯಲ್ಲಿ, ಎಣ್ಣೆಯಲ್ಲಿ, ಹುಳಿಯಲ್ಲಿ ಎಷ್ಟು ಇಳಿಯುತ್ತದೆಂಬ ಅಂಕಿಯಿಲ್ಲದೆ ಆ ವಾದವನ್ನು ಅಧಿಕಾರಿಯ ಮುಂದೆ ಮಂಡಿಸಲಾಗದು. ಐ.ಎಸ್. ಗುರುತು ಇದ್ದರೂ ಅದು ಆ ದೇಶದ ಅನುಮತಿಗೆ ಬದಲಿಯಾಗುವುದಿಲ್ಲ. ಯೂರೋಪಿನ ಒಕ್ಕೂಟದಲ್ಲಿಯೂ 2004ರ 1935ನೆಯ ನಿಯಮಾವಳಿಯು ಆಹಾರ ತಗಲುವ ಸಾಮಗ್ರಿಯಿಂದ ಆರೋಗ್ಯಕ್ಕೆ ಅಪಾಯವಾಗುವಷ್ಟು ಪದಾರ್ಥ ಆಹಾರಕ್ಕೆ ಇಳಿಯಬಾರದೆಂದು ವಿಧಿಸುತ್ತದೆ.

ಹೀಗಾಗಿ ಉದ್ಯಮದ ಸ್ಥಿತಿ ವಿಚಿತ್ರವಾಗಿದೆ. ಪೇಟೆಂಟ್ ಕಚೇರಿಯ ಪಾಲಿಗೆ ಹಾಳೆ ತೀರ ಹಳೆಯದು. ಅಮೆರಿಕದ ಅಧಿಕಾರಿಯ ಪಾಲಿಗೆ ತಟ್ಟೆ ತೀರ ಹೊಸದು. ಇಬ್ಬರ ಮಾತೂ ಅವರವರ ಕಾನೂನಿನಲ್ಲಿ ಸರಿ. ಉದ್ದಿಮೆದಾರನಿಗೆ ಉಳಿದ ದಾರಿಯೆಂದರೆ, ವಸ್ತುವಿನ ಹಳಮೆಯನ್ನು ಬಿಟ್ಟು, ತಾನು ಅದಕ್ಕೆ ಸೇರಿಸಿದ್ದನ್ನು ತೋರಿಸುವುದು: ಇಂತಿಷ್ಟು ತೇವ, ಇಂತಿಷ್ಟು ಬಿಸಿ, ಇಂತಹ ದ್ರವದಲ್ಲಿ ಇಷ್ಟು ಗಂಟೆಗೆ ಇಳಿದದ್ದು ಇಷ್ಟು. ವಸ್ತುವನ್ನು ಮರಳಿ ತಂದದ್ದು ನಾವೀನ್ಯವಲ್ಲ; ಈ ಅಂಕಿಗಳನ್ನು ಸಂಪಾದಿಸಿ ಅದಕ್ಕೆ ತಕ್ಕಂತೆ ತಯಾರಿಕೆಯನ್ನು ತಿದ್ದಿಕೊಂಡದ್ದು ನಾವೀನ್ಯ. ಒಂದು ಘಟಕದ ಶಕ್ತಿಗೆ ಮೀರಿದ ಕೆಲಸವಾದರೆ ಹತ್ತು ಘಟಕಗಳು ಸೇರಿ ಮಾಡಿಸಬಹುದು. ಮೈಸೂರಿನ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾ ಸಂಸ್ಥೆಯಲ್ಲಿ ಆಹಾರದ ಪ್ಯಾಕೇಜಿಂಗಿಗೆಂದೇ ವಿಭಾಗವಿದೆ.

ಲೆಕ್ಕಪುಸ್ತಕದಲ್ಲಿ ಇದರ ಸ್ಥಾನ

ಸಣ್ಣ ಘಟಕಗಳ ಪುಸ್ತಕಗಳಲ್ಲಿ ಇಂತಹ ಖರ್ಚು ಕಾಣುವುದು ಅಪರೂಪ. ಪರೀಕ್ಷಾ ಶುಲ್ಕ ‘ಇತರೆ ವೆಚ್ಚ’ದಲ್ಲಿ, ಹಾಳಾದ ಮಾದರಿ ತಟ್ಟೆಗಳು ಕಚ್ಚಾಮಾಲಿನಲ್ಲಿ, ಅಚ್ಚನ್ನು ಮೂರು ಬಾರಿ ತಿದ್ದಿದ ಕೂಲಿ ‘ಯಂತ್ರ ದುರಸ್ತಿ’ಯಲ್ಲಿ ಕರಗಿಹೋಗಿರುತ್ತವೆ. ವರ್ಷಾಂತ್ಯದಲ್ಲಿ ನಾವೀನ್ಯಕ್ಕೆ ಎಷ್ಟು ಖರ್ಚಾಯಿತೆಂದು ಕೇಳಿದರೆ ಯಜಮಾನನಿಗೂ ತಿಳಿಯದು, ಗುಮಾಸ್ತನಿಗೂ ತಿಳಿಯದು.

ಅಗೋಚರ ಆಸ್ತಿಗಳಿಗೆ ಸಂಬಂಧಿಸಿದ ಲೆಕ್ಕಪತ್ರ ಮಾನಕ 26 ಈ ಖರ್ಚನ್ನು ಎರಡು ಹಂತವಾಗಿ ನೋಡುತ್ತದೆ. ಹುಡುಕಾಟದ ಹಂತದ ಖರ್ಚು, ಅಂದರೆ ಯಾವ ಹಾಳೆ, ಯಾವ ಬಿಸಿ ಎಂದು ತಡಕಾಡುವುದು, ಆ ವರ್ಷದ ಲಾಭ-ನಷ್ಟ ಖಾತೆಗೇ ಹೋಗಬೇಕು. ಅಭಿವೃದ್ಧಿಯ ಹಂತದ ಖರ್ಚನ್ನು ಮಾತ್ರ, ಆರು ಷರತ್ತುಗಳೂ ಪೂರೈಸಿದರೆ, ಆಸ್ತಿಯೆಂದು ಅಢಾವೆ ಪತ್ರಿಕೆಯಲ್ಲಿ ತೋರಿಸಬಹುದು. ಕೆಲಸ ತಾಂತ್ರಿಕವಾಗಿ ಸಾಧ್ಯವೆಂಬುದು, ಮುಗಿಸುವ ಉದ್ದೇಶ, ಬಳಸುವ ಅಥವಾ ಮಾರುವ ಸಾಮರ್ಥ್ಯ, ಮಾರುಕಟ್ಟೆಯಿಂದ ಮುಂದೆ ಲಾಭ ಬರುವ ಬಗೆ, ಸಾಕಷ್ಟು ಸಂಪನ್ಮೂಲ ಮತ್ತು ಖರ್ಚನ್ನು ನಂಬಲರ್ಹವಾಗಿ ಅಳೆಯುವ ಕ್ರಮ, ಇವೇ ಆ ಷರತ್ತುಗಳು. ಒಮ್ಮೆ ವೆಚ್ಚವೆಂದು ಬರೆದದ್ದನ್ನು ಮುಂದೆ ಆಸ್ತಿಯಾಗಿ ಮಾರ್ಪಡಿಸುವಂತಿಲ್ಲವಾದ್ದರಿಂದ ಪ್ರತ್ಯೇಕ ಖಾತೆಯನ್ನು ಮೊದಲ ದಿನವೇ ತೆರೆಯಬೇಕು. ಜಾಹೀರಾತು ಮತ್ತು ತರಬೇತಿಯ ಖರ್ಚು ಎಂದಿಗೂ ಇದರೊಳಗೆ ಬಾರದು.

ಊಹೆಯ ಅಂಕಿಗಳಿಂದ ಇದನ್ನು ಸ್ಪಷ್ಟಪಡಿಸಬಹುದು. ಒಂದು ಘಟಕ ಹುಡುಕಾಟಕ್ಕೆ ರೂ. 80,000 ಖರ್ಚು ಮಾಡಿತು. ಅದು ಆ ವರ್ಷದ ವೆಚ್ಚ. ಕ್ರಮ ಖಚಿತವಾದ ಮೇಲೆ ಪರೀಕ್ಷೆ ಮತ್ತು ಒಣಗಿಸುವ ವ್ಯವಸ್ಥೆಯ ಸುಧಾರಣೆಗೆ ರೂ. 3,00,000 ತಗಲಿತು, ಷರತ್ತುಗಳು ಪೂರೈಸಿದ್ದರಿಂದ ಆಸ್ತಿಯಾಯಿತು. ಐದು ವರ್ಷಕ್ಕೆ ಸಮನಾಗಿ ಹಂಚಿದರೆ ವರ್ಷಕ್ಕೆ ರೂ. 60,000. ವರ್ಷಕ್ಕೆ ಆರು ಲಕ್ಷ ತಟ್ಟೆ ತಯಾರಾದರೆ ತಟ್ಟೆಯೊಂದಕ್ಕೆ ಬೀಳುವುದು ಹತ್ತು ಪೈಸೆ. ಸುರಕ್ಷತೆಯ ದಾಖಲೆ ದುಬಾರಿಯೆಂದು ದೂರುವವರು ಈ ಹತ್ತು ಪೈಸೆಯನ್ನು ನೆನಪಿಡಬಹುದು.

ಮೊದಲ ವರ್ಷದ ಕೊನೆಗೆ, ಆ ಘಟಕ ನಂಬಿದ್ದ ಒಂದೇ ವಿದೇಶೀ ಮಾರುಕಟ್ಟೆ ಮುಚ್ಚಿತೆಂದು ಭಾವಿಸಿದರೆ ಲೆಕ್ಕ ಬೇರೆಯಾಗುತ್ತದೆ. ಉಳಿದ ರೂ. 2,40,000ದಿಂದ ಮುಂದೆ ಬರುವ ಲಾಭವೇನೂ ಇಲ್ಲವಾದರೆ ಅದನ್ನು ಕಳೆದುಹಾಕಬೇಕು. ದಾಸ್ತಾನಿನಲ್ಲಿ ತಲಾ ರೂ. 2.40 ವೆಚ್ಚದ 1,50,000 ತಟ್ಟೆಗಳಿವೆ, ಒಳನಾಡಿನಲ್ಲಿ ರೂ. 2.10ಕ್ಕೆ ಮಾರಬೇಕು, ಮಾರಾಟದ ಖರ್ಚು 15 ಪೈಸೆ. ನಿವ್ವಳ ವಸೂಲಿ ಮೌಲ್ಯ ರೂ. 1.95. ಮಾನಕ 2ರ ಪ್ರಕಾರ ತಟ್ಟೆಗೆ 45 ಪೈಸೆಯಂತೆ ರೂ. 67,500 ಇಳಿಸಬೇಕು. ಎರಡೂ ಸೇರಿ ರೂ. 3,07,500. ಇದಲ್ಲದೆ ಮಳೆಗಾಲಕ್ಕೆ ಮುಂಚೆ ಒಟ್ಟಿಗೆ ಕೊಂಡಿಟ್ಟ ಒಣ ಹಾಳೆಯ ಮೌಲ್ಯವನ್ನೂ ಮರುಪರಿಶೀಲಿಸಬೇಕು. ತಟ್ಟೆಯೇ ನಷ್ಟಕ್ಕೆ ಹೋಗುವಾಗ ಹಾಳೆಯನ್ನು ಕೊಂಡ ಬೆಲೆಯಲ್ಲಿ ತೋರಿಸಲಾಗದು. ಅದೇ ಪರೀಕ್ಷೆಗಳ ಆಧಾರದಿಂದ ಇನ್ನೊಂದು ದೇಶಕ್ಕೆ ಮಾರಾಟ ಮುಂದುವರಿದಿದ್ದರೆ 2,40,000ವನ್ನು ಪೂರ್ತಿ ಕಳೆಯಬೇಕಾಗಿಲ್ಲ. ದಾಖಲೆಯ ಬೆಲೆ ಅಲ್ಲಿ ಕಾಣುತ್ತದೆ.

ತೆರಿಗೆಯ ಕಡೆಯಿಂದ ಹೆಚ್ಚಿನ ನೆರವನ್ನು ನಿರೀಕ್ಷಿಸುವಂತಿಲ್ಲ. 1961ರ ಆದಾಯ ತೆರಿಗೆ ಕಾಯಿದೆಯ 35(2ಎಬಿ) ಪ್ರಕರಣದಡಿ ಅನುಮೋದಿತ ಸಂಶೋಧನಾ ವಿಭಾಗವುಳ್ಳ ಕಂಪನಿಗಳಿಗೆ ಖರ್ಚಿಗಿಂತ ಹೆಚ್ಚಿನ ಕಡಿತ ದೊರೆಯುತ್ತಿತ್ತು. 2017ರ ಏಪ್ರಿಲ್‌ನಿಂದ ಅದು ಶೇಕಡಾ 200ರಿಂದ 150ಕ್ಕೆ, 2020ರ ಏಪ್ರಿಲ್‌ನಿಂದ 100ಕ್ಕೆ ಇಳಿಯಿತು. ಪಾಲುದಾರಿಕೆಯ ಘಟಕಗಳಿಗೆ ಅದು ಮೊದಲೂ ಇರಲಿಲ್ಲ.

ಸರಕು-ಸೇವಾ ತೆರಿಗೆಯಲ್ಲಿ ಎಲೆ, ಹೂ, ತೊಗಟೆಗಳಿಂದ ಮಾಡಿದ ತಟ್ಟೆ-ಲೋಟಗಳ ಮೇಲಿನ ಶೇಕಡಾ 5ರ ದರವನ್ನು 2019ರ ಅಕ್ಟೋಬರ್ 1ರಿಂದ ಶೂನ್ಯಗೊಳಿಸಲಾಯಿತು. ಅನೇಕರು ಇದನ್ನು ಕೇವಲ ವರವೆಂದು ತಿಳಿದರು. ವಿನಾಯಿತಿ ಪಡೆದ ಸರಕಿಗೆ ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್ ದೊರೆಯದು. ಆರು ಲಕ್ಷದ ಯಂತ್ರಕ್ಕೆ ಶೇಕಡಾ 18ರಂತೆ ಕೊಟ್ಟ ರೂ. 1,08,000 ಯಂತ್ರದ ಬೆಲೆಗೇ ಸೇರುತ್ತದೆ. ರಫ್ತು ಮಾಡುವವನಿಗೆ ಸರಕು ವಿನಾಯಿತಿಯದಾದರೂ ಕ್ರೆಡಿಟ್ ಪಡೆಯಲು ಕಾನೂನು ಅವಕಾಶ ಕೊಟ್ಟಿದೆ. ಆದರೆ ಮರುಪಾವತಿಯ ಸೂತ್ರದಲ್ಲಿ ಯಂತ್ರಗಳ ಮೇಲಿನ ತೆರಿಗೆ ಸೇರುವುದಿಲ್ಲ. ರಫ್ತು ನಿಂತು ಒಳನಾಡಿನ ಮಾರಾಟಕ್ಕೆ ಇಳಿದರೆ ಪಡೆದ ಕ್ರೆಡಿಟ್ಟನ್ನು ತಿಂಗಳಿಗೆ ಅರವತ್ತನೆಯ ಒಂದು ಭಾಗದ ಲೆಕ್ಕದಲ್ಲಿ ಹಿಂದಿರುಗಿಸುವ ಪ್ರಸಂಗವೂ ಬರುತ್ತದೆ. ಯೋಜನಾ ವರದಿ ಸಿದ್ಧಪಡಿಸುವಾಗಲೇ ಇದನ್ನು ವೆಚ್ಚದಲ್ಲಿ ಸೇರಿಸಿಕೊಳ್ಳದಿದ್ದರೆ ತಟ್ಟೆಯ ಬೆಲೆ ತಪ್ಪಾಗಿ ನಿಗದಿಯಾಗುತ್ತದೆ.

ರಫ್ತು ಒಪ್ಪಂದ ಮತ್ತು ವಿಮೆ

ರಫ್ತಿಗೆ ಮುನ್ನ, ಆಮದು ಎಚ್ಚರಿಕೆಯ ಆ ದಿನದ ಸ್ಥಿತಿಯೇನೆಂಬುದನ್ನು ಖಚಿತಪಡಿಸಿಕೊಳ್ಳುವುದು ಮೊದಲ ಕೆಲಸ. ಸರಕು ಬಂದರಿನಲ್ಲಿ ತಡೆಯಲ್ಪಟ್ಟರೆ ಬಾಡಿಗೆ, ಮರಳಿ ತರುವ ಸಾಗಣೆ, ಅಥವಾ ನಾಶಪಡಿಸುವ ವೆಚ್ಚ ಯಾರದೆಂಬುದನ್ನು ಒಪ್ಪಂದದಲ್ಲಿ ಬರೆದಿರಬೇಕು. ಮೌನವಾಗಿರುವ ಒಪ್ಪಂದದಲ್ಲಿ ಆ ಭಾರ ಸಾಮಾನ್ಯವಾಗಿ ದುರ್ಬಲನ ಮೇಲೆಯೇ ಬೀಳುತ್ತದೆ.

ರಫ್ತು ಸಾಲ ಖಾತರಿ ನಿಗಮದ ಪಾಲಿಸಿಗಳಲ್ಲಿ ಗ್ರಾಹಕನ ದೇಶ ವಿಧಿಸುವ ಹೊಸ ಆಮದು ನಿರ್ಬಂಧವು ರಕ್ಷಣೆಯುಳ್ಳ ಅಪಾಯಗಳಲ್ಲಿ ಒಂದು. ಆದರೆ ಹಾಳೆ ತಟ್ಟೆಯ ಮೇಲಿನ ತಡೆಯು ಹೊಸ ನಿರ್ಬಂಧವೋ ಅಥವಾ 1958ರ ಹಳೆಯ ಕಾನೂನಿನ ಜಾರಿಯೋ ಎಂಬ ವಾದ ಪರಿಹಾರ ಕೇಳುವ ಹೊತ್ತಿಗೆ ಏಳಬಹುದು. ಹಳೆಯದೋ ಹೊಸದೋ ಎಂಬ ಪ್ರಶ್ನೆ ಇಲ್ಲಿಯೂ ಬೆನ್ನು ಬಿಡುವುದಿಲ್ಲ. ಈ ಬಗ್ಗೆ ಸರಕು ಹಡಗಿಗೇರುವ ಮುನ್ನವೇ ನಿಗಮದ ಶಾಖೆಗೆ ಪತ್ರ ಬರೆದು, ಲಿಖಿತ ಉತ್ತರವನ್ನು ಪಡೆದು ಪಾಲಿಸಿಯೊಡನೆ ಇಟ್ಟುಕೊಳ್ಳುವುದು ಉಚಿತ.